ಪಕ್ಕದ ಸೀಟಿನ ಕಂಬಳಿ

ಆ ಗಾಡಿ ನಮ್ಮ ಹಗರಿಬೊಮ್ಮನಹಳ್ಳಿ ಶೋರೂಮಿಗೆ ಬಂದ ದಿನ ನಾವು ಮಾಡಿದ ಮೊದಲ ಕೆಲಸ ಬಾಗಿಲು ಕಿತ್ತದ್ದು. ಸಣ್ಣ ಕಾರುಗಳಿಗೆಂದು ಕೂರಿಸಿದ ಗಾಜಿನ ಬಾಗಿಲಿನಲ್ಲಿ ಆರು ಸೀಟಿನ ಆ ಭಾರಿ ಗಾಡಿ ನುಗ್ಗುವ ಮಾತೇ ಇರಲಿಲ್ಲ. ಎರಡೂ ಗಾಜು ಬಿಚ್ಚಿ ಗೋಡೆಗೆ ಒರಗಿಸಿ, ಪಕ್ಕದ ಕನ್ನಡಿ ಮಡಚಿ, ಗೇಣು ಗೇಣು ಸರಿಸುತ್ತಾ ಒಳಗೆ ತಂದೆವು. ಯಾರಾದರೂ ಓಡಿಸಿ ನೋಡುತ್ತೇನೆ ಎಂದರೆ ಮತ್ತೆ ಅದೇ ಪಾಡು. ಮೂರನೆಯ ದಿನಕ್ಕೆ ಬೇಸತ್ತು, ಹೊರಗೆ ತಗಡಿನ ನೆರಳು ಮಾಡಿ ಅಲ್ಲೇ ನಿಲ್ಲಿಸಿದೆವು. ಆ ಬಾಗಿಲು ಮಾತ್ರ ಮೊದಲಿನಂತಾಗಲಿಲ್ಲ, ಈಗಲೂ ಸ್ವಲ್ಪ ಎತ್ತಿ ಹಾಕಬೇಕು.

ನಮ್ಮ ಕಂಪನಿಯ ಸಣ್ಣ ಕಾರು ಇಲ್ಲದ ಓಣಿ ಈ ಕಡೆ ಇಲ್ಲ. ಅಂಥ ಕಂಪನಿ ಒಂದು ದಿನ ಐಷಾರಾಮಿ ಗಾಡಿಯನ್ನೂ ಇದೇ ಶೋರೂಮುಗಳಲ್ಲಿ ಮಾರುತ್ತೇವೆ ಎಂದು ಹೊರಟಿತು. ಮೂಲೆಯಲ್ಲಿ ಗಾಜಿನ ಕೋಣೆ ಕಟ್ಟಿಸಿದರು. ಬೂದು ಬಣ್ಣದ ನೆಲಹಾಸು, ಎರಡು ಸೋಫಾ, ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರ. ನಮ್ಮ ಶಾಖೆಯಿಂದ ನನ್ನನ್ನು ಆರಿಸಿ ನಾಲ್ಕು ದಿನ ಬೆಂಗಳೂರಿನಲ್ಲಿ ಪಾಠ ಹೇಳಿದರು. ಗ್ರಾಹಕರ ಹೆಸರನ್ನು ಮಾತಿನ ನಡುವೆ ಮೂರು ಸಲವಾದರೂ ಹೇಳಬೇಕು. ಅವರಾಗಿ ಕೇಳುವ ತನಕ ಬೆಲೆ ಎತ್ತಬಾರದು. ಸೀಟಿನ ಮೇಲೆ ಟವೆಲು, ಚೀಲ ಏನೂ ಬೀಳದಂತೆ ನೋಡಿಕೊಳ್ಳಬೇಕು. ಗಾಡಿ ಒಪ್ಪಿಸುವಾಗ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ಕೊಡಬೇಕು. ಕೀಲಿ ಕೊಡುವ ಆ ಪಾಠವನ್ನು ನಮ್ಮಿಂದ ಹತ್ತು ಸಲ ಮಾಡಿಸಿದರು.

ಏರಿಯಾ ಮ್ಯಾನೇಜರು ಗಾಡಿಯ ಜೊತೆಗೇ ಬಂದಿದ್ದರು. ಬೆಂಗಳೂರಿನವರು, ಮಾತು ಚುಟುಕು.

“ಇಪ್ಪತ್ತೊಂದು ದಿನ ಡೆಮೊ ಗಾಡಿ ನಿಮ್ಮತ್ರ ಇರತ್ತೆ. ಒಂದು ಬುಕಿಂಗ್ ತನ್ನಿ, ಒಂದೇ ಒಂದು. ಬಂತು ಅಂದ್ರೆ ಈ ಕೌಂಟರ್ ನಿಮ್ದೇ. ಬರ್ಲಿಲ್ಲ ಅಂದ್ರೆ ದಾವಣಗೆರೆಗೆ ಹೋಗತ್ತೆ, ನೀವು ಮತ್ತೆ ಸಣ್ಣ ಕಾರಿಗೆ.”

ಸಣ್ಣ ಕಾರು ಮಾರುವುದರಲ್ಲಿ ನನಗೇನೂ ಕೀಳರಿಮೆ ಇರಲಿಲ್ಲ. ಆದರೆ ಅಲ್ಲಿ ಕೀಲಿ ಕೊಡುವುದೆಂದರೆ ಒಂದು ಫೋಟೊ, ಒಂದು ಪೇಡೆ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಒಂದೇ ಒಂದು ಸಲ ಎರಡೂ ಕೈಯಲ್ಲಿ ಕೀಲಿ ಹಿಡಿದು ಕೊಡಬೇಕು ಎಂಬ ಆಸೆ ಹತ್ತಿಬಿಟ್ಟಿತು. ಇನ್ನೂ ಒಂದು ಮಾತು, ಹೇಳಿಕೊಳ್ಳಲು ನಾಚಿಕೆ: ಆ ಗಾಡಿಯ ಮೇಲೆ ನನಗೆ ಮನಸ್ಸಾಗಿತ್ತು. ನಡುವಿನ ಸಾಲಿನಲ್ಲಿ ಎರಡು ಸೀಟು, ಒಂದೊಂದೂ ಆರಾಮಕುರ್ಚಿಯಷ್ಟು ದೊಡ್ಡವು. ಗುಂಡಿ ಒತ್ತಿದರೆ ಹಿಂದಕ್ಕೆ ಒರಗುತ್ತವೆ, ಕಾಲು ಎತ್ತಿ ಹಿಡಿಯುತ್ತವೆ, ಬೆನ್ನು ತೀಡುತ್ತವೆ. ಬೆಳಿಗ್ಗೆ ಬೇರೆಯವರು ಬರುವ ಮುಂಚೆ ಐದು ನಿಮಿಷ ಅಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಬ್ಯಾಟರಿ ಗಾಡಿ, ಸದ್ದಿಲ್ಲ. ಯಾರದೋ ಮಡಿಲಲ್ಲಿ ಇದ್ದಂತೆ ಅನಿಸುತ್ತಿತ್ತು.

ಮೊದಲ ವಾರ ನೋಡಲು ಬಂದವರಿಗೇನೂ ಕಡಿಮೆ ಇರಲಿಲ್ಲ. ಕೊಟ್ಟೂರಿನ ವ್ಯಾಪಾರಿಯೊಬ್ಬರು ಮನೆಮಂದಿಯನ್ನೆಲ್ಲ ಕರೆತಂದು, ತಾನೇ ಸರಿಯುವ ಬಾಗಿಲನ್ನು ಮೊಮ್ಮಕ್ಕಳಿಗೆ ಇಪ್ಪತ್ತು ಸಲ ತೆಗೆಸಿ ಹಾಕಿಸಿ, ಕಾಫಿ ಕುಡಿದು, “ಚಲೋ ಐತ್ರಿ” ಎಂದು ಎದ್ದು ಹೋದರು. ಹರಪನಹಳ್ಳಿಯ ಡಾಕ್ಟರೊಬ್ಬರ ಮೇಲೆ ನನಗೆ ಬಹಳ ಭರವಸೆಯಿತ್ತು. ಎರಡು ಸಲ ಓಡಿಸಿದರು, ಬಣ್ಣವನ್ನೂ ಆರಿಸಿದರು. ಮೂರನೆಯ ಸಲ ಬಂದಾಗ ಗಾಡಿಯ ಮೂತಿಯ ಮುಂದೆ ನಿಂತು ಕಂಪನಿಯ ಗುರುತನ್ನೇ ನೋಡುತ್ತಾ ಹೇಳಿದರು:

“ಗಾಡಿ ಬಗ್ಗೆ ಮಾತಿಲ್ಲಪ್ಪ. ಆದ್ರೆ ನಮ್ಮ ಕಾಂಪೌಂಡರ್ ಮನೆ ಮುಂದೂ ಇದೇ ಗುರ್ತಿನ ಗಾಡಿ ನಿಂತೈತಲ್ಲ. ಇಷ್ಟು ಕೊಟ್ಟ ಮೇಲೆ ನೋಡಿದವ್ರಿಗೆ ಗೊತ್ತಾಗ್ಬೇಕು ಕಣಪ್ಪ.”

ಇದಕ್ಕೆ ಬೆಂಗಳೂರಿನ ಪಾಠದಲ್ಲಿ ಉತ್ತರವಿತ್ತು, ಹೇಳಿದೆ. ಹೇಳುವಾಗಲೇ ನನಗೇ ನಂಬಿಕೆ ಬರಲಿಲ್ಲ. ಉಳಿದವರಂತೂ ಗಾಜಿನ ಕೋಣೆಯ ಒಳಗೇ ಬರುತ್ತಿರಲಿಲ್ಲ. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ನಿಂತು ಇಣುಕಿ ಹೋಗುತ್ತಿದ್ದರು.

ಹನ್ನೆರಡನೆಯ ದಿನ ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯಿಂದ ಉಣ್ಣೆ ಮತ್ತು ಕುರಿ ವ್ಯಾಪಾರ ಮಾಡುವವರೊಬ್ಬರು ಬಂದರು. ತಲೆಮಾರುಗಳಿಂದ ಕುರಿ ಸಾಕಿದ ಮನೆತನ. ನನ್ನ ಹತ್ತಿರವೇ ಎರಡು ಸಣ್ಣ ಕಾರು, ಒಂದು ಪಿಕಪ್ಪು ಕೊಂಡವರು. ಮೂತಿಯ ಗುರುತಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. “ನನಗ ಕಂಪನಿ ಗೊತ್ತಿಲ್ಲ, ನೀ ಗೊತ್ತು” ಎಂದರು. “ನಮ್ಮವ್ವ ಒಪ್ಪಿದ್ರ ಇವತ್ತೇ ಬುಕಿಂಗ್ ಬರಕೋ.”

ಅವರ ಅವ್ವ ಹಿಂದೆಯೇ ನಿಂತಿದ್ದಳು. ಒಣಗಿದ ಮೈ, ಮೂಗಿನ ಎರಡೂ ಕಡೆ ನತ್ತು, ಕಂಕುಳಲ್ಲಿ ಕರಿ ಕಂಬಳಿಯ ಗಂಟು. ಉಣ್ಣೆಯ ಹುರಿಯಿಂದ ಬಿಗಿದು ಕಟ್ಟಿದ್ದ ಆ ಗಂಟು ನೋಡಿದರೇ ಭಾರ ಎನಿಸುತ್ತಿತ್ತು. ಒಳಗೆ ತೆಂಗಿನಕಾಯಿಗಳು, ದೇವರ ಅರಿಶಿನವಾದ ಭಂಡಾರದ ಚೀಲ ಇದ್ದವೆಂದು ಆಮೇಲೆ ತಿಳಿಯಿತು. ಗಾಡಿ ಹತ್ತುವ ಮುಂಚೆ ತಾಯಿ ಮಗ ಇಬ್ಬರೂ ಚಪ್ಪಲಿ ಬಿಟ್ಟರು. ಬೇಡ ಅಂದರೂ ಕೇಳಲಿಲ್ಲ. ನಾನು ಅವನ್ನು ಎತ್ತಿ ಡಿಕ್ಕಿಯಲ್ಲಿಟ್ಟೆ. ಮಗ ಮುಂದೆ ನನ್ನ ಪಕ್ಕ ಕುಳಿತರು. ಅಜ್ಜಿ ನಡುವಿನ ಸಾಲಿನ ಎಡ ಸೀಟಿನಲ್ಲಿ ಕುಳಿತು, ಗಂಟನ್ನು ಪಕ್ಕದ ಸೀಟಿನ ಮೇಲೆ ಎರಡೂ ಕೈಯಿಂದ ಇಟ್ಟಳು. ಸೀಟಿನ ಮೇಲೆ ಏನೂ ಬೀಳಬಾರದು ಎಂಬ ಪಾಠ ನೆನಪಾಯಿತು. ಇರಲಿ ಬಿಡು ಅಂದುಕೊಂಡೆ.

ಗಾಡಿ ಹತ್ತು ಮಾರು ಹೋಗಿರಲಿಲ್ಲ, ಕೂಗತೊಡಗಿತು. ಟಿಣ್, ಟಿಣ್, ಟಿಣ್. ನನ್ನ ಮುಂದಿನ ಪರದೆಯ ಮೇಲೆ ಆ ಸೀಟಿನ ಜಾಗದಲ್ಲಿ ಕೆಂಪು ಗೊಂಬೆ. ಭಾರ ಬಿದ್ದ ಸೀಟಿನಲ್ಲಿ ಬೆಲ್ಟ್ ಹಾಕದಿದ್ದರೆ ಹೀಗೆ ಕೂಗುವುದು ಅದರ ಗುಣ. ಇಂಥ ಸಂದರ್ಭವನ್ನೂ ಗಾಡಿಯ ಹೊಗಳಿಕೆಗೆ ಬಳಸಿಕೊಳ್ಳಬೇಕೆಂದು ನಮಗೆ ಕಲಿಸಿದ್ದಾರಲ್ಲ, ನಾನು ಹೆಮ್ಮೆಯಿಂದ ತಿರುಗಿದೆ.

“ಗಾಡಿಗೆ ಗೊತ್ತಾಗ್ತೈತ್ರಿ ಯಮ್ಮ. ಆ ಸೀಟಿನ್ಯಾಗ ಯಾರೋ ಕುಂತಾರ ಅಂತ ತಿಳಕಂಡೈತಿ.”

ಅಜ್ಜಿಯ ಮುಖ ಅರಳಿತು. “ಹೌದೇನು? ಗೊತ್ತಾಗ್ತೈತಾ?”

“ಎಲ್ಲಾ ಗೊತ್ತಾಗ್ತೈತ್ರಿ” ಎಂದವನೇ ಗಾಡಿ ನಿಲ್ಲಿಸಿ ಇಳಿದೆ. ಬಾಗಿಲು ಸರಿಸಿ, ಗಂಟನ್ನೆತ್ತಿ, ಹಿಂದೆ ಹೋಗಿ ಡಿಕ್ಕಿಯಲ್ಲಿಟ್ಟು ಬಂದೆ. ಕೂಗು ನಿಂತಿತು. ಕಂಪನಿ ಗೊತ್ತುಮಾಡಿದ ದಾರಿ ಇದ್ದದ್ದು ಕೂಡ್ಲಿಗಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬರುವಷ್ಟು, ಅದೂ ನುಣ್ಣನೆಯ ಭಾಗದಲ್ಲಿ. ಅಷ್ಟರಲ್ಲಿ ಸೀಟು ಒರಗಿಸಿದೆ, ಕಾಲು ಎತ್ತಿಸಿದೆ, ಬೆನ್ನು ತೀಡಿಸಿದೆ, ಮೇಲಿನ ಪರದೆ ತೆರೆಸಿ ಆಕಾಶ ತೋರಿಸಿದೆ. ಬಾಯಿ ತುಂಬ ಯಮ್ಮ, ಯಮ್ಮ ಅಂದೆ. ಅಜ್ಜಿ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಇಳಿದವಳು ಡಿಕ್ಕಿಯ ಹತ್ತಿರ ಹೋಗಿ, ಗಂಟನ್ನು ಎದೆಗೊತ್ತಿಕೊಂಡು ಅವರ ಹಳೆಯ ಕಾರಿನಲ್ಲಿ ಕುಳಿತುಬಿಟ್ಟಳು. ಗಾಡಿ ನೋಡಿ ದಂಗಾಗಿದ್ದಾಳೆ ಎಂದುಕೊಂಡೆ ನಾನು!

ಮರುದಿನ ಮಗನ ಫೋನು ಬಂತು.

“ಅವ್ವ ಬ್ಯಾಡ ಅಂತಾಳಪ್ಪ.”

“ಯಾಕ್ರಿ ಅಣ್ಣಾರ? ಸೀಟು ಹಿಡಿಸಲಿಲ್ಲೇನು?”

“ಏನೂ ಬಾಯಿ ಬಿಡವಲ್ಲಳು. ರಾತ್ರಿ ಉಂಡೂ ಇಲ್ಲ. ಬ್ಯಾಡಂದ್ರ ಬ್ಯಾಡ ಅಷ್ಟ.”

ಎರಡು ದಿನ ತಲೆ ಕೆಡಿಸಿಕೊಂಡೆ. ಗಾಡಿಯ ಒಳಗಿನ ತಂಪು ಹೆಚ್ಚಾಯಿತೇ, ಸುಗಂಧ ತಲೆಗೇರಿತೇ ಎಂದು ಕಾರಣಗಳ ಪಟ್ಟಿಯನ್ನೇ ಬರೆದೆ. ಮೂರನೆಯ ದಿನ ಬೆಳಿಗ್ಗೆ ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಾಗ ಅವಳ ಮುಂದೆ ಕುಳಿತು ಎಲ್ಲ ಹೇಳಿದೆ. ಕಂಬಳಿಯ ಮಾತು ಬಂದಾಗ ಅವಳ ಕೈ ನಿಂತಿತು.

“ಎಂಥ ಕಂಬಳಿ?”

“ಕರೇದು. ಹುರಿ ಹಾಕಿ ಕಟ್ಟಿದ್ಲು.”

“ಎಲ್ಲಿಟ್ಟಿ ಅದನ್ನ?”

“ಡಿಕ್ಕ್ಯಾಗ.”

“ಡಿಕ್ಕ್ಯಾಗ ಮತ್ತೇನಿತ್ತು?”

ನಾನು ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿಗಳ ಕಡೆ ನೋಡಿದೆ.

“ಕೆರ ಇದ್ದುವೇನು?” ಎಂದಳು. ಚಪ್ಪಲಿಗೆ ನಮ್ಮ ಮನೆಯ ಮಾತು ಅದು. ನಾನು ಹೌದೆಂದು ತಲೆಯಾಡಿಸಿದೆ.

“ಹುಚ್ಚಪ್ಯಾಲಿ, ಅದು ಆಕಿ ಸತ್ತ ಗಂಡನ ಕಂಬಳಿ ಇರಬೇಕು. ಅವನ್ನ ಪಕ್ಕಕ್ಕ ಕುಂದರಿಸಿಕಂಡಿದ್ಲು ಆಕಿ. ನೀ ಎತ್ತಿ ಒಯ್ದು ಕೆರದ ಜೋಡಿ ಹಾಕಿದಿ. ಕುರಿ ಕಾಯ್ದೋನ ಹೊಟ್ಟ್ಯಾಗ ಹುಟ್ಟಿ ಇಷ್ಟು ಗೊತ್ತಾಗಲಿಲ್ಲೇನ್ಲೇ ನಿನಗ?”

ಗೊತ್ತಾಗಲಿಲ್ಲ. ಅದೇ ಸಂಕಟ. ಹಿರೇಹಡಗಲಿಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು ನಾನು. ಶಾಲೆಗೆ ಹಾಕುವ ತನಕ ಅಪ್ಪನ ಹಿಂಡಿನ ಹಿಂದೆ ಅಲೆದಿದ್ದೇನೆ, ಬಯಲಲ್ಲಿ ಅದೇ ಕರಿ ಕಂಬಳಿಯ ಒಳಗೆ ಅವನ ಬೆನ್ನಿಗೆ ಅಂಟಿ ಮಲಗಿದ್ದೇನೆ. ಕಂಬಳಿ ದಾಟಬಾರದು, ಅದರ ಹತ್ತಿರ ಚಪ್ಪಲಿ ತರಬಾರದು, ದೇವರು ಕೂರುವುದೂ ಅದರ ಮೇಲೆಯೇ. ಮಾತು ಬರುವ ಮುಂಚೆ ಕಲಿತದ್ದು ಇದು. ನಾಲ್ಕು ದಿನದ ಬೆಂಗಳೂರಿನ ಪಾಠ ಅಕ್ಷರ ಬಿಡದೆ ನೆನಪಿತ್ತು, ಇದು ಹೋಗಿತ್ತು. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ನನ್ನ ಕಡೆ ನೋಡದೆ ಅಂದಳು:

“ನಿಮ್ಮಪ್ಪಂದೂ ಅಟ್ಟದ ಮ್ಯಾಲ ಐತಿ. ಒಂದು ದಿನರ ಇಳಿಸಿ ನೋಡೀಯೇನು?”

ಅವಳು ಅಲ್ಲಿಗೇ ನಿಲ್ಲಿಸಿದ್ದು ಪುಣ್ಯ. ಅವಳಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ನಾನು ಈ ಶೋರೂಮು ಸೇರಿದ ಹೊಸದರಲ್ಲಿ ಅಪ್ಪ ಒಮ್ಮೆ ನೋಡಲು ಬಂದಿದ್ದ. ಹೆಗಲ ಮೇಲೆ ಕಂಬಳಿ, ಮೊಣಕಾಲಿನ ತನಕ ಧೂಳು. ಒಳಗೆ ಗ್ರಾಹಕರಿದ್ದರು. ನಾನು ಓಡಿ ಹೋಗಿ, “ಅಪ್ಪಾ, ಸ್ವಲ್ಪ ಹೊರಗ ಕುಂದ್ರು, ಬಂದೆ” ಎಂದೆ. ಕೆಲಸ ಮುಗಿಸಿ ಬರುವಷ್ಟರಲ್ಲಿ ಹೊರಟುಹೋಗಿದ್ದ. ಆಮೇಲೆ ಎಂದೂ ಆ ಕಡೆ ಬರಲಿಲ್ಲ. ಬೇಸರವನ್ನೂ ತೋರಿಸಲಿಲ್ಲ. ನಾನು ಮಾರಿದ ಇಷ್ಟೊಂದು ಗಾಡಿಗಳಲ್ಲಿ ಒಂದರಲ್ಲೂ ಕೂರದೆಯೇ ಅವನು ತೀರಿಹೋದ.

ಗ್ರಾಹಕ ಬೇಡ ಎಂದರೆ ಏಳು ದಿನ ಬಿಟ್ಟು ಮತ್ತೆ ಮಾತಾಡಿಸಬೇಕು ಎಂಬುದು ಕಂಪನಿಯ ಪದ್ಧತಿ. ನಾನು ಅಂದೇ ಮಧ್ಯಾಹ್ನ ಬೈಕ್ ಹತ್ತಿ ಹೊಸಹಳ್ಳಿ ದಾರಿ ಹಿಡಿದೆ. ಗಾಡಿಯ ಚಿತ್ರದ ಪುಸ್ತಕ ಒಯ್ಯಲಿಲ್ಲ. ಹೊಸ ಆರ್‌ಸಿಸಿ ಮನೆ, ಹಿಂದೆ ಕುರಿದೊಡ್ಡಿ. ಅಜ್ಜಿ ಜಗಲಿಯಲ್ಲಿ ಕದಿರು ಹಿಡಿದು ಉಣ್ಣೆ ನೂಲುತ್ತಿದ್ದಳು. ನಾನು ಚಪ್ಪಲಿ ಬೀದಿಯಲ್ಲೇ ಬಿಟ್ಟು ಹೋಗಿ ಕಾಲು ಮುಟ್ಟಿದೆ.

“ತಪ್ಪಾತ್ರಿ ಯಮ್ಮ. ಕಂಬಳಿ ಅಲ್ಲಿ ಇಡಬಾರದಿತ್ತು.”

ಅವಳು ಕದಿರು ನಿಲ್ಲಿಸಲಿಲ್ಲ. “ಈಗ ಗೊತ್ತಾತೇನು? ಯಾರು ಹೇಳಿದ್ರು?”

“ನಮ್ಮವ್ವ.”

“ಯಾರ ಪೈಕಿ ನೀನು?”

ಊರು, ಅಪ್ಪನ ಹೆಸರು ಹೇಳಿದೆ. ಈಗ ಕದಿರು ನಿಂತಿತು. “ಹಿರೇಹಡಗಲಿ ಹಿಂಡಿನೋರ? ಹೊಳಲಿನ ಕಡಿ ಹೊಳಿ ದಂಡಿಗೆ ನಿಮ್ಮೋರ ಹಿಂಡೂ ನಮ್ಮ ಹಿಂಡೂ ಒಂದ ನೀರು ಕುಡದಾವು. ನಿಮ್ಮಪ್ಪನ್ನ ನೋಡಿರಬೇಕು ನಾನು, ನೆಪ್ಪಿಲ್ಲ.” ಸ್ವಲ್ಪ ಹೊತ್ತು ನನ್ನ ಮುಖದಲ್ಲಿ ಏನನ್ನೋ ಹುಡುಕಿದಳು. “ಅಂಥೋನ ಮಗ ಆಗಿ ಅದ್ಹೆಂಗ ಮಾಡ್ದಿಯೋ ತಮ್ಮಾ!”

ಆಮೇಲೆ ಹೇಳಿದಳು. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹಿಂಡು ಹೊಡೆದುಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ದಾಟಿ ಹೊಳೆಯ ದಂಡೆ ತನಕ ಹೋಗುತ್ತಿದ್ದರಂತೆ. ದಾರಿಯುದ್ದಕ್ಕೂ ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ ನಿಲ್ಲಿಸಿಕೊಳ್ಳುತ್ತಿದ್ದರು. ಮಗ ವ್ಯಾಪಾರಕ್ಕೆ ಇಳಿದ ಮೇಲೆ ತಿರುಗಾಟ ನಿಂತಿತು. ಕೊನೆಯ ವರ್ಷ ಹಾಸಿಗೆ ಹಿಡಿದ ಮುದುಕನದು ಒಂದೇ ಹಟ: ಆ ದಾರಿ ಇನ್ನೊಮ್ಮೆ ನೋಡಬೇಕು.

“ಮಗ ಕಾರಿನ್ಯಾಗ ಹಾಕ್ಕಂಡು ಹೊಂಟ. ಬೆನ್ನಿನ ನೋವು ತಡಕಣಾಕ ಆಗಲಿಲ್ಲ ಅವಂಗ. ಕೂಡ್ಲಿಗಿಯಿಂದ ತಿರುಗಿ ಬಂದ್ವಿ. ಒರಗಿಕಂಡು ಹೋಗೋ ಸೀಟಿನ ಗಾಡಿ ಬಂದೈತಿ ಅಂತ ಈಗ ಮಗ ಹೇಳಿದ. ಈಗ ಬಂದ್ರ ಏನಾತು, ಅವನ್ನ ಕರ್ಕಂಡ ಹೋಗಾನ ಅಂತ ನಾನೂ ಹೊಂಟೆ.” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಗಾಡಿಗೂ ಅಂವ ಕುಂತಿದ್ದು ಗೊತ್ತಾತು. ನಿನಗ ಗೊತ್ತಾಗಲಿಲ್ಲ.”

ಅಲ್ಲಿ ಜಗಲಿಯ ಕೆಳಗೆ ಕುಳಿತೇ ನಾನು ತೀರ್ಮಾನ ಮಾಡಿದ್ದು. ಡೆಮೊ ಗಾಡಿಗೆ ಕಂಪನಿ ಕಣ್ಣಿಗೆ ಕಾಣದ ಬೇಲಿ ಹಾಕಿರುತ್ತದೆ. ಗೊತ್ತುಮಾಡಿದ ದಾರಿ ಬಿಟ್ಟು ಹೊರಗೆ ಹೋದರೆ ಏರಿಯಾ ಮ್ಯಾನೇಜರ ಫೋನಿಗೆ ಸುದ್ದಿ ಹೋಗುತ್ತದೆ. ಹೋದರೆ ಹೋಗಲಿ. “ನಾಳೆ ಹೋಗೂಣ್ರಿ ಯಮ್ಮ, ಹೊಳಿ ದಂಡಿ ತನಕ” ಎಂದೆ. ಬುಕಿಂಗಿನ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಇತ್ತು, ಇನ್ನೂ ಜೋರಾಗೇ ಇತ್ತು.

ಮರುದಿನ ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು, ಗಾಡಿಯ ಪುಸ್ತಕದಲ್ಲಿ ಹೋಗುವ ಜಾಗ ಹೊಳಲು ಎಂದೇ ಬರೆದು ಹೊರಟೆ. ಹೊಸಹಳ್ಳಿಯಲ್ಲಿ ಅಜ್ಜಿ ತಯಾರಾಗಿ ನಿಂತಿದ್ದಳು, ಕಂಕುಳಲ್ಲಿ ಅದೇ ಗಂಟು. ಈ ಸಲ ಚಪ್ಪಲಿಗಳನ್ನು ನನ್ನ ಕಾಲ ಹತ್ತಿರ ಇಟ್ಟುಕೊಂಡೆ. ಅವಳು ಗಂಟನ್ನು ಪಕ್ಕದ ಸೀಟಿನ ಮೇಲೆ ಕೂರಿಸಿದಳು. ಗಾಡಿ ಹೊರಟಿತು, ಕೂಗಿತು. ಅಜ್ಜಿ ಗಂಟಿನ ಮೇಲೆ ಕೈಯಿಟ್ಟು ನನ್ನ ಕಡೆ ಒಂಥರಾ ನೋಡಿದಳು. ನಾನು ನಿಲ್ಲಿಸಿ ಇಳಿದೆ. ಬಾಗಿಲು ಸರಿಸಿ, ಬೆಲ್ಟ್ ಎಳೆದು, ಕಂಬಳಿಯ ನಡುವಿಗೆ ಬಳಸಿ ಟಕ್ ಎಂದು ಹಾಕಿದೆ. ಕೂಗು ನಿಂತಿತು. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ, ಎರಡು ಕ್ಷಣದ್ದು.

“ನೋಡಿದೇನೋ,” ಎಂದು ಅಜ್ಜಿ ಮಗನಿಗೆ ಹೇಳಿದಳು, “ನಿಮ್ಮಪ್ಪಗೂ ಪಟ್ಟಿ ಕಟ್ಟ್ಯಾನ. ಇನ್ನ ಎಲ್ಲೂ ಎದ್ದು ಹೋಗಂಗಿಲ್ಲ.”

ಕೂಡ್ಲಿಗಿ ಬಂತು. ಮುದುಕ ತಿರುಗಿ ಹೋದ ಜಾಗದಲ್ಲಿ ಅಜ್ಜಿ ನಿಧಾನ ಮಾಡಲು ಹೇಳಿದಳು. “ಇಲ್ಲಿಂದ ಮುಂದ ಆ ಸಲ ಬರಾಕ ಆಗಲಿಲ್ಲ ಅವಂಗ” ಎಂದಳು. ನಂತರ ಬಾಯಿ ನಿಲ್ಲಲೇ ಇಲ್ಲ. ಮಾತು ಮಗನಿಗಲ್ಲ, ನನಗಲ್ಲ, ಪಕ್ಕದ ಸೀಟಿಗೆ. ಇಲ್ಲಿ ಬಾವಿಯಿತ್ತು, ಮುಚ್ಯಾರ ನೋಡು. ಇಲ್ಲಿ ತೋಳ ಬಂದು ಎರಡು ಮರಿ ಒಯ್ದಿತ್ತು, ನೀ ಬಡಿಗಿ ತಗಂಡು ಓಡಿದ್ದಿ. ಈ ಹೊಲದ ಗೌಡ ಜ್ವಾಳ ಕೊಡ್ತೀನಂತ ಕುರಿ ತರುಬಿಸಿಕಂಡು ಅಳತಿ ಕಡಿಮಿ ಹಾಕಿದ್ದ. ಕೊಟ್ಟೂರು ದಾಟುವಾಗ, “ಅವಂದೂ ಸ್ವಲ್ಪ ಒರಗಿಸಪ್ಪ” ಎಂದಳು. ಗುಂಡಿ ಒತ್ತಿದೆ. ಕಂಬಳಿ ಮೆಲ್ಲಗೆ ಹಿಂದಕ್ಕೆ ಒರಗಿತು.

“ಬೆನ್ನು ತೀಡೋದು ಹಾಕಲೇನ್ರಿ ಯಮ್ಮ, ನಿಮಗ?”

“ನನಗ ಬ್ಯಾಡ, ಅವಂಗ ಹಾಕು. ಅವನ ಬೆನ್ನಲ್ಲ ನೋಯ್ತಿದ್ದುದು?”

ಹಾಕಿದೆ. ಒಳಗಿನ ಉರುಳೆಗಳು ಏರಿ ಇಳಿದಾಗ ಕಂಬಳಿ ಉಸಿರಾಡಿದಂತೆ ಸ್ವಲ್ಪ ಸ್ವಲ್ಪವೇ ಅಲುಗುತ್ತಿತ್ತು. ಮಗ ನಗಲು ಹೋದರು. ನಗು ಪೂರ್ತಿಯಾಗಲಿಲ್ಲ, ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಹೊರಗೇ ನೋಡುತ್ತಿದ್ದರು.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಶೋರೂಮಿನ ಮುಂದೆಯೇ ಹಾದು ಹೋದೆವು. ಹಡಗಲಿ ರಸ್ತೆಗೆ ಬೀಳುತ್ತಿದ್ದಂತೆ ಏರಿಯಾ ಮ್ಯಾನೇಜರ ಫೋನು. ಗಾಡಿ ನಿಲ್ಲಿಸಿ, ಕೆಳಗಿಳಿದು ಮಾತಾಡಿದೆ.

“ಬೆಳಿಗ್ಗೆಯಿಂದ ಗಾಡಿ ಎಲ್ಲೆಲ್ಲೋ ಓಡಾಡ್ತಿದೆ. ಏನ್ ನಡೀತಿದೆ ಅಲ್ಲಿ?”

“ಕಸ್ಟಮರ್ ಜೊತೆ ಇದೀನಿ ಸರ್. ಅವ್ರಿಗೆ ಬೇಕಾದ ದಾರೀಲಿ ತೋರಿಸ್ತಿದೀನಿ.”

“ಬುಕಿಂಗ್ ಆಗತ್ತಾ?”

ಗಾಜಿನ ಆಚೆ ಅಜ್ಜಿ ಕಂಬಳಿಯ ಮೇಲೆ ಕೈಯಿಟ್ಟು ಏನೋ ತೋರಿಸುತ್ತಿದ್ದಳು. “ಗೊತ್ತಿಲ್ಲ ಸರ್.”

“ಗೊತ್ತಿಲ್ವಾ? ಆಗ್ಲಿಲ್ಲ ಅಂದ್ರೆ ಬರವಣಿಗೇಲಿ ಕಾರಣ ಕೊಡ್ಬೇಕಾಗತ್ತೆ ನೀವು.”

ಆಗಲಿ ಎಂದೆ. ಹಡಗಲಿ ದಾಟಿ, ನನ್ನ ಹಿರೇಹಡಗಲಿಯನ್ನೂ ದಾಟಿ ಹೊಳಲಿನ ಕಡೆ ಹೋಗುವಾಗ ರಸ್ತೆ ತುಂಬ ಒಂದು ಹಿಂಡು ಎದುರಾಯಿತು. ಗಾಡಿ ನಿಲ್ಲಿಸಿದೆ. ಅಜ್ಜಿ ಬಾಗಿಲು ತೆಗೆಸಿದಳು. ತಾನೇ ಸರಿದ ಬಾಗಿಲಿನಿಂದ ಧೂಳು, ಗಂಟೆ ಸದ್ದು, ಉಣ್ಣೆ ಹಿಕ್ಕೆಗಳ ಬಿಸಿ ವಾಸನೆ ಎಲ್ಲ ಒಟ್ಟಿಗೇ ಒಳನುಗ್ಗಿತು. ಆ ಗಾಡಿಗೆಂದೇ ತಯಾರಿಸಿದ್ದ ಸುಗಂಧವಿತ್ತು, ಎಲ್ಲಿ ಹೋಯಿತೋ. ಕುರಿಗಳು ಗಾಡಿಗೆ ಮೈ ಉಜ್ಜಿಕೊಂಡು ಎರಡೂ ಕಡೆ ಹರಿದುಹೋದವು. ಬಣ್ಣ ಗೀರಾದೀತು ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಆ ವಾಸನೆಯನ್ನು ಎಳೆದುಕೊಳ್ಳುತ್ತಿದ್ದೆ. ಅಪ್ಪನ ಕತ್ತಿನ ವಾಸನೆ ಅದು. ಇಷ್ಟು ವರ್ಷ ಅದು ನನಗೆ ಬೇಕಾಗಿತ್ತು ಎಂದೇ ನನಗೆ ತಿಳಿದಿರಲಿಲ್ಲ.

ಅಜ್ಜಿ, ಮುದುಕ ಹಿಂದೆ ಹಿಂಡು ತರುಬುತ್ತಿದ್ದ ಹೊಲದಲ್ಲಿ ಈಗ ಕಬ್ಬು ನಿಂತಿತ್ತು. ದಾರಿ ಇರಲಿಲ್ಲ. ಅಜ್ಜಿ ಇಳಿಯಲಿಲ್ಲ. ಕಬ್ಬಿನ ಆಚೆ ಹೊಳೆ ಇದೆ ಎಂಬುದಷ್ಟೇ ಅವಳಿಗೆ ಸಾಕಾಯಿತು. ಗಂಟಿನ ಸಂದಿಗೆ ಕೈ ಹಾಕಿ ಭಂಡಾರ ತೆಗೆದು ಹೊಲದ ಕಡೆ ತೂರಿದಳು, ಕಂಬಳಿಗೆ ಹಚ್ಚಿದಳು, ಮಗನ ಹಣೆಗೆ, ನನ್ನ ಹಣೆಗೆ ಹಚ್ಚಿದಳು. ಬಿಳಿ ಸೀಟಿನ ಮೇಲೆ ಅರಿಶಿನ ಉದುರಿತು. ನಾನು ಒರೆಸಲಿಲ್ಲ.

ಬರುವಾಗ ಹರಪನಹಳ್ಳಿ ಮೇಲೆ ಬಂದೆವು. ಅಜ್ಜಿ ನಿದ್ದೆ ಹೋಗಿದ್ದಳು, ಕೈ ಮಾತ್ರ ಪಕ್ಕದ ಸೀಟಿನ ಮೇಲಿತ್ತು. ಮನೆ ಬಂದಾಗ ಎದ್ದು, “ಪಟ್ಟಿ ಬಿಚ್ಚಪ್ಪ” ಎಂದಳು. ಬಿಚ್ಚಿದೆ. ಗಂಟನ್ನು ಎತ್ತಿಕೊಂಡು ಇಳಿದು, ನನ್ನ ಗಲ್ಲ ಸವರಿದಳು.

“ಹೋಗಿ ಬಂದ್ವಲ್ಲೋ ತಮ್ಮಾ” ಎಂದಳು.

ಆ ಮಾತಿನಲ್ಲೇ ನನಗೆ ಅರ್ಥವಾಗಬೇಕಿತ್ತು. ಮರುದಿನ ಮಗನ ಫೋನು ಬಂದಾಗ ಅರ್ಥವಾಯಿತು.

“ಅವ್ವ ಬ್ಯಾಡ ಅಂತಾಳ. ಈ ಸಲ ಸಿಟ್ಟಿಲ್ಲ ಮತ್ತ. ರಾತ್ರಿ ಹೊಟ್ಟಿ ತುಂಬ ಉಂಡಾಳ. ಹೋಗಬೇಕಂದಲ್ಲಿ ಹೋಗಿ ಬಂದ್ವಿ, ಇನ್ನ ಅಷ್ಟು ದೊಡ್ಡ ಗಾಡಿ ಯಾತಕ್ಕ ಅಂತಾಳ. ನಾ ಏನ್ ಹೇಳ್ಲಿ ನಿನಗ…”

“ಏನೂ ಹೇಳಬ್ಯಾಡ್ರಿ ಅಣ್ಣಾರ.”

ಫೋನಿಟ್ಟು ಗಾಜಿನ ಕೋಣೆಯ ಸೋಫಾದಲ್ಲಿ ಕುಳಿತೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಸುಮ್ಮನೆ ಹೋಗಿ ಕ್ಷಮೆ ಕೇಳಿ, “ಗಾಡಿ ತಗೊಳ್ರಿ, ನಿಮ್ಮ ಗಾಡಿಯಾಗ ನೀವೇ ಹೋಗ್ರಿ” ಅಂದಿದ್ದರೆ ಬುಕಿಂಗ್ ಆಗುತ್ತಿತ್ತು. ಅವಳಿಗೆ ಗಾಡಿಯಿಂದ ಏನು ಬೇಕಿತ್ತೋ ಅದನ್ನು ನಾನೇ ಪುಕ್ಕಟೆ ಕೊಟ್ಟು ಮುಗಿಸಿದ್ದೆ. ಇಂಥ ಮಾರಾಟಗಾರನನ್ನು ಯಾವ ಕಂಪನಿ ಇಟ್ಟುಕೊಂಡೀತು ಎಂದು ನೆನೆದು ಒಬ್ಬನೇ ನಕ್ಕೆ. ನಗುತ್ತಿದ್ದ ಹಾಗೇ ಕಣ್ಣು ತುಂಬಿಕೊಂಡಿತು.

ಇಪ್ಪತ್ತೊಂದು ದಿನ ಮುಗಿದವು. ಬರವಣಿಗೆಯಲ್ಲಿ ಕಾರಣ ಕೊಟ್ಟೆ: ಗ್ರಾಹಕರು ತಮ್ಮ ದಾರಿಯಲ್ಲಿ ಗಾಡಿ ನೋಡಬಯಸಿದರು. ಕೌಂಟರು ದಾವಣಗೆರೆಗೆ ಎಂದು ತೀರ್ಮಾನವಾಯಿತು. ಗಾಡಿ ಮುಟ್ಟಿಸಲು ಅಲ್ಲಿಂದ ಡ್ರೈವರ್ ಕಳಿಸುತ್ತೇವೆ ಎಂದರು. ನಾನೇ ತರುತ್ತೇನೆ ಎಂದು ಕೇಳಿಕೊಂಡೆ. ಕಳಿಸುವ ಮುಂಚೆ ಗಾಡಿ ತೊಳೆದು ಪಟ್ಟಿಯ ಪ್ರಕಾರ ತಪಾಸಣೆ ಮಾಡಬೇಕು. ಬಲಗಡೆಯ ಸೀಟಿನ ಹೊಲಿಗೆಯಲ್ಲಿ ಕರಿ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು, ಸಣ್ಣ ಸಣ್ಣ ತೂತುಗಳಲ್ಲಿ ಭಂಡಾರ ಕುಳಿತಿತ್ತು. ಒರೆಸುವವನನ್ನು ತಡೆದೆ. ಪಟ್ಟಿಯಲ್ಲಿ ‘ಸೀಟಿನ ಮೇಲೆ ಕಲೆ’ ಎಂಬಲ್ಲಿ ಹೌದು ಎಂದು ಗುರುತು ಹಾಕಿ ಸಹಿ ಮಾಡಿದೆ.

ಹೊರಡುವ ಬೆಳಿಗ್ಗೆ ಏಣಿ ಹಾಕಿ ಅಟ್ಟ ಹತ್ತಿದೆ. 'ಯಾತಕ್ಕ' ಎಂದು ಅವ್ವ ಕೇಳಲಿಲ್ಲ, ಕೆಳಗೆ ನಿಂತು ಎರಡೂ ಕೈ ಚಾಚಿ ಇಸಿದುಕೊಂಡಳು. ಪ್ಲಾಸ್ಟಿಕ್ ಚೀಲ ಬಿಚ್ಚಿ, ಕಂಬಳಿ ಝಾಡಿಸಿ, ಮಡಚಿ ಕೊಟ್ಟಳು. ಅಲ್ಲಲ್ಲಿ ನುಸಿ ತಿಂದು ಬೆಳಕು ಕಾಣುತ್ತಿತ್ತು. ಶೋರೂಮಿನ ಮುಂದೆ ಗಾಡಿಯ ಬಾಗಿಲು ಸರಿಸಿ, ಬಲಗಡೆಯ ಸೀಟಿನ ಮೇಲೆ ಅದನ್ನು ಕೂರಿಸಿ, ನಾನು ಮುಂದೆ ಕುಳಿತು ಹೊರಟೆ.

ಗಾಡಿ ಕೂಗಲಿ ಎಂದು ಕಾದೆ. ಹತ್ತು ಮಾರು ಹೋಯಿತು. ಇನ್ನೂ ಹತ್ತು ಮಾರು ಹೋಯಿತು. ಪರದೆಯ ಮೇಲೆ ಕೆಂಪು ಗೊಂಬೆ ಬರಲಿಲ್ಲ. ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿ, ನುಸಿ ತಿಂದು, ಅಪ್ಪನ ಕಂಬಳಿ ಹಗುರಾಗಿಬಿಟ್ಟಿತ್ತು. ಅಲ್ಲಿ ಯಾರೂ ಕುಳಿತಿಲ್ಲ ಎಂದೇ ಗಾಡಿ ತಿಳಿದಿತ್ತು.

ಕೊಟ್ಟೂರು ರಸ್ತೆಯ ಬದಿಯಲ್ಲಿ ನಿಲ್ಲಿಸಿದೆ. ಚಪ್ಪಲಿ ಬಿಟ್ಟು ಇಳಿದೆ. ಬಾಗಿಲು ಸರಿಸಿ, ಬೆಲ್ಟ್ ಎಳೆದು, ಕಂಬಳಿಯ ನಡುವಿಗೆ ಬಳಸಿ ಹಾಕಿದೆ. ಸೀಟು ಸ್ವಲ್ಪ ಒರಗಿಸಿದೆ.

“ಅಪ್ಪಾ, ಒಳಗ ಕುಂದ್ರು” ಎಂದೆ.

ದಾವಣಗೆರೆ ತನಕ ನಿಧಾನವಾಗಿಯೇ ಓಡಿಸಿದೆ.